ಮಗಳನ್ನು ಕರೆದೊಯ್ಯಲು

ಪ್ರಸಿತ್ ಕಾರಿನ ಬಾಗಿಲನ್ನು ಎಷ್ಟು ಜೋರಾಗಿ ಬಡಿದನೆಂದರೆ, ಮಠದ ಅಂಗಳದಲ್ಲಿ ಮೇಯುತ್ತಿದ್ದ ಕಾಂಗರೂಗಳು ತಲೆಯೆತ್ತಿ ನೋಡಿದವು. ಥಾಯ್ಲೆಂಡಿನ ಲಂಪಾಂಗ್‌ನಲ್ಲಿ ಹೊತ್ತಿಕೊಂಡ ಸಿಟ್ಟು ವಿಮಾನ ಬದಲಿಸಿ ಆಸ್ಟ್ರೇಲಿಯಾ ತಲುಪಿದರೂ ಆರಿರಲಿಲ್ಲ.

“ಈ ಕಾಡಲ್ಲಿ ಬಿದ್ದಿರೋಕೆ ಅವಳನ್ನ ಅಷ್ಟು ಓದಿಸಿದ್ನಾ?”

“ಕೂಗಾಡಬೇಡಿ,” ಎಂದಳು ಹೆಂಡತಿ ಮಾಲಿ. “ಸಂಜೆ ಮಗಳು ನಿಮ್ಮ ಜೊತೆ ಹೊರಡ್ತಾಳೆ. ಅದು ನನ್ನ ಜವಾಬ್ದಾರಿ.”

“ನಿನ್ನಿಂದಲೇ ಅವಳು ಕೆಟ್ಟಿದ್ದು. ಬೆಳಗಾದ್ರೆ ಮಂತ್ರ, ಸಂಜೆಯಾದ್ರೆ ಧ್ಯಾನ.”

ಮಾಲಿ ಊಟದ ಬುಟ್ಟಿ ಎತ್ತಿಕೊಂಡಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಎದುರಾಡಿದ್ದಳು. ಕುದಿಯುವ ಸಾರಿನ ಪಾತ್ರೆ ಅವಳ ಕಿವಿಯ ಪಕ್ಕದ ಗೋಡೆಗೆ ಬಡಿದಿತ್ತು.

ಇಲ್ಲಿನ ಪರ್ತ್ ನಗರದಲ್ಲಿ ಕೆಲಸಕ್ಕಿದ್ದ ಮಗಳು ದಾವ್, ಅದನ್ನು ಬಿಟ್ಟು ಭಿಕ್ಷುಣಿಯರ ಈ ಮಠ ಸೇರಿದ್ದಾಳೆಂದು ಊರವರು ಆಡಿಕೊಂಡಾಗಲೇ ಪ್ರಸಿತ್‌ಗೆ ತಿಳಿದದ್ದು. ಈಗ ಅವಳು ಬಿಳಿ ಬಟ್ಟೆಯಲ್ಲಿ ಎದುರು ಬಂದಳು. ಉದ್ದ ಜಡೆ ಹಾಗೇ ಇತ್ತು.

“ತಲೆ ಬೋಳಿಸಿಲ್ಲ. ಸದ್ಯ, ಮಾನ ಉಳೀತು.”

ಮಧ್ಯಾಹ್ನಕ್ಕೆ ಮುಂಚೆ ಮಾಲಿ ತಾನು ತಂದ ಅಂಟಂಟಾದ ಅನ್ನ, ಮೆಣಸಿನಕಾಯಿ ಚಟ್ನಿಯನ್ನು ಭಿಕ್ಷುಣಿಯರ ಪಾತ್ರೆಗಳಿಗೆ ಬಡಿಸಿದಳು. ಪ್ರಸಿತ್ ಕೂರಲೇ ಇಲ್ಲ. ಊಟ ಮುಗಿಯುತ್ತಲೇ ಹಿರಿಯ ಭಿಕ್ಷುಣಿಯ ಎದುರು ನಿಂತ. ಆಕೆ ಆ ನಾಡಿನವರು, ಥಾಯ್ ಬಾರದು.

“ಸಂಸಾರ ಒಡೆಯೋದೇ ನಿಮ್ಮ ಕಸುಬಾ? ನನ್ನ ಮಗಳನ್ನ ಬಿಡಿ.”

ದಾವ್ ಇಂಗ್ಲಿಷಿನಲ್ಲಿ ಹೇಳಿದಳು. ಉತ್ತರವನ್ನೂ ತಿಳಿಸಿದಳು: “ಯಾರನ್ನೂ ಹಿಡಿದಿಟ್ಟಿಲ್ವಂತೆ. ಮನೆಯವರು ಒಪ್ಪದೆ ಯಾರನ್ನೂ ಸೇರಿಸ್ಕೊಳ್ಳೋದೂ ಇಲ್ವಂತೆ.”

“ನಾನು ಒಪ್ಪಲ್ಲ. ಸತ್ರೂ ಒಪ್ಪಲ್ಲ.” ಅವನು ಹೆಂಡತಿಯತ್ತ ತಿರುಗಿದ. “ಏನು ಹಾಗೆ ನೋಡ್ತೀಯ? ನಿನಗೆ ಇದೆಲ್ಲ ಅಷ್ಟು ಇಷ್ಟ ಇದ್ರೆ ನೀನೇ ತಲೆ ಬೋಳಿಸ್ಕೊಂಡು ಇಲ್ಲಿ ಬಿದ್ದಿರು. ಮಗಳನ್ನ ಯಾಕೆ ಬಲಿ ಕೊಡ್ತೀಯ?”

“ಒಪ್ಪಿ ಹೇಳ್ತಿದ್ದೀರಾ?” ಎಂದಳು ಮಾಲಿ.

“ಧಾರಾಳವಾಗಿ. ದಾವ್, ಇವರಿಗೂ ಹೇಳು. ಗಂಡ ಕೈ ಮುಗಿದು ಕಳಿಸಿಕೊಟ್ಟ ಅಂತ ಹೇಳು.”

ದಾವ್ ಒಂದು ಪದವೂ ಬಿಡದೆ ಹೇಳಿದಳು. ಇದು ಸಿಟ್ಟಿನ ಮಾತೋ, ನಿಜವೋ ಎಂದು ಹಿರಿಯ ಭಿಕ್ಷುಣಿ ಅವಳ ಮೂಲಕ ಮತ್ತೆ ಕೇಳಿದರು.

“ಪ್ರಸಿತ್ ಎರಡು ನಾಲಿಗೆಯವನಲ್ಲ,” ಎಂದು ಅವನು ಎದೆ ತಟ್ಟಿಕೊಂಡ.

“ಸಾಕಪ್ಪ,” ದಾವ್ ತಡೆದಳು. “ನಾನು ನಿಮ್ಮ ಜೊತೆ ಬರ್ತೀನಿ.”

ಅವನಿಗೆ ಅಷ್ಟೇ ಬೇಕಿತ್ತು. ದಢದಢನೆ ಹೋಗಿ ಕಾರು ಹತ್ತಿದ. ಒಳಗೆ ತಾಯಿ ಮಗಳು ಅಪ್ಪಿಕೊಂಡು ನಿಂತದ್ದನ್ನು ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದಾವ್ ಬಂದು ಪಕ್ಕದಲ್ಲಿ ಕುಳಿತಳು. ಕಣ್ಣು ಕೆಂಪಾಗಿತ್ತು. ಗೆದ್ದವನಂತೆ ಅವನು ಹಾರ್ನ್ ಒತ್ತಿದ. ಮತ್ತೆ ಒತ್ತಿದ.

“ಎಲ್ಲಿ ಸತ್ಲು ನಿಮ್ಮಮ್ಮ?”

“ನಾನಿಲ್ಲಿ ಸನ್ಯಾಸಕ್ಕೆ ಬಂದವಳಲ್ಲಪ್ಪ,” ಎಂದಳು ದಾವ್, ಅವನ ಮುಖ ನೋಡದೆ. “ಅಮ್ಮನಿಗೆ ಈ ಜಾಗ ಹಿಡಿಸುತ್ತಾ ಅಂತ ನೋಡೋಕೆ ಬಂದಿದ್ದೆ. ನಿಮ್ಮ ಒಪ್ಪಿಗೆಯೊಂದೇ ಬಾಕಿ ಇತ್ತು.”