ಹಳದಿ ಕೋಟು

ಬೆಳೆ ಉಳಿಸಲೆಂದು ಊರಲ್ಲಿ ಹಳದಿ ಬಣ್ಣ ನಿಷೇಧವಾದ ಮೇಲೆ ಮುನಿರತ್ನಮ್ಮನ ಮಗಳ ಮದುವೆ ಅರಿಶಿನವಿಲ್ಲದೆ, ಬಿಳಿ ದಾರದ ತಾಳಿಯಲ್ಲೇ ಮುಗಿದಿತ್ತು. ಹಳದಿ ಕಂಡಲ್ಲಿ ಬಿಳಿನೊಣ ಮುತ್ತುತ್ತದೆ. ಬರುವಾಗ ರೋಗದ ಗಿಡದಿಂದ ಎಲೆ ಮುದುರಿಸುವ ಮುಟುರು ರೋಗವನ್ನೂ ಹೊತ್ತು ತರುತ್ತದೆ. ನೊಣ ಹಿಡಿಯುವ ಎಣ್ಣೆಹಲಗೆಗಳಿಗೆ ಮಾತ್ರ ಆ ಬಣ್ಣ ಉಳಿದಿತ್ತು.

ಇವತ್ತು ನಿಷೇಧದ ತಪಾಸಣೆಗೆ ಬಂದ ಅಧಿಕಾರಿ ಪಕ್ಕದ ರೋಗದ ಹೊಲ ದಾಟಿ, ನೊಣ ತಡೆಯಲು ಕಟ್ಟಿದ್ದ ಬಲೆ ಸರಿಸಿ, ಅವಳ ಟೊಮೆಟೊ ಸಾಲಿಗೇ ನುಗ್ಗಿದ. ಮೈಮೇಲೆ ಹೊಸ ಹಳದಿ ಕೋಟು, ಬೆನ್ನ ತುಂಬ ನೊಣ.

"ಯೂನಿಫಾರಂ ಕಣಮ್ಮ, ಮೇಲಿಂದ ಕೊಟ್ಟಿದ್ದು."

"ನನ್ ಮಗಳ ಕೆನ್ನೆಗೆ ಚಿಟಿಕೆ ಅರಿಶಿನ ಹಚ್ಚಾಕೆ ಬಿಡ್ಲಿಲ್ವಲ್ಲೋ ನೀನು!"

ಹಲಗೆಗೆ ಸವರಲು ಇಟ್ಟಿದ್ದ ಹರಳೆಣ್ಣೆಯನ್ನು ಮುನಿರತ್ನಮ್ಮ ಅವನ ಕೋಟಿನ ಹಿಂದೆ ಮುಂದೆ ಸುರಿದಳು.

"ಈಗ ಹಲಗೆ ಥರ ಕೈ ಅಗಲಿಸ್ಕೊಂಡು ನಿಂತ್ಕೋ. ತಂದ ನೊಣ ಎಲ್ಲಾ ಅಂಟ್ಕೊಳ್ಳೋಗಂಟ ಅಲ್ಲಾಡ್ಬೇಡ."