ಇಬ್ಬರ ಡಿಸ್ಕು

ಕಂಪ್ಯೂಟರಿನಲ್ಲಿ ಎರಡನೇ ಹಾರ್ಡ್ ಡಿಸ್ಕೇ ಕಾಣುತ್ತಿರಲಿಲ್ಲ. ನಿನ್ನೆ ಸಂಜೆಯವರೆಗೂ ಇತ್ತು. ಅವಳು ಪುಟ ಕಟ್ಟಿದ ಇಡೀ ಪುಸ್ತಕ ಅದರೊಳಗಿತ್ತು. ಮಧ್ಯಾಹ್ನದೊಳಗೆ ಫೈಲ್ ಬರದಿದ್ದರೆ ಇನ್ನು ಮುಂದೆ ಕೆಲಸವೇ ಕೊಡುವುದಿಲ್ಲ ಎಂದು ಪ್ರೆಸ್ಸಿನವನು ಖಡಾಖಂಡಿತವಾಗಿ ಹೇಳಿದ್ದ. ಅವಳು ಗಾಬರಿಯಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು.

ರಿಪೇರಿಯವನು ಬಂದು ಡಬ್ಬಿ ಬಿಚ್ಚಿದ, ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ, ಧೂಳು ಊದಿ ತಾನೇ ಸೀನಿದ. ಆಮೇಲೆ ಕಂಪ್ಯೂಟರ್ ಆನ್ ಮಾಡಿ, ಕಪ್ಪು ಪರದೆಯ ಮೇಲೆ ಏನೋ ಟೈಪು ಮಾಡಿ ನಕ್ಕ.

“ಡಿಸ್ಕ್ ಗುಂಡುಕಲ್ಲಿನ ಹಾಗಿದೆ ಮೇಡಂ. ಇದರಲ್ಲಿ ವಿಂಡೋಸ್ ಯಾರು ಬಳಸ್ತಾರೆ?”

“ನಮ್ಮ ಯಜಮಾನರು. ನಾನು ಇದರಲ್ಲೇ ಇನ್ನೊಂದು ಸಿಸ್ಟಮ್, ಲಿನಕ್ಸ್ ಬಳಸ್ತೀನಿ. ಡಿಸ್ಕ್ ಇಬ್ಬರಿಗೂ ಒಂದೇ.”

“ಅವರು ಪೂರ್ತಿ ಆಫ್ ಮಾಡಿಲ್ಲ. ಎಲ್ಲಾ ತೆರೆದಿದ್ದ ಹಾಗೇ ನಿದ್ದೆಗೆ ಹಾಕಿ ಹೋಗಿದಾರೆ. ವಿಂಡೋಸು ಡಿಸ್ಕನ್ನ ಹಿಡ್ಕೊಂಡೇ ಮಲಗಿದೆ, ಲಿನಕ್ಸಿಗೆ ಬಿಟ್ಟುಕೊಡ್ತಿಲ್ಲ. ಅವರ ಪಾಸ್‌ವರ್ಡ್ ಹೇಳಿ, ಒಳಗೆ ಹೋಗಿ ಸರಿಯಾಗಿ ಆಫ್ ಮಾಡಿದ್ರೆ ಮುಗೀತು.”

ಪಾಸ್‌ವರ್ಡ್ ಅವಳಿಗೆ ಗೊತ್ತಿರಲಿಲ್ಲ. ಕೇಳುವ ಪ್ರಸಂಗವೇ ಬಂದಿರಲಿಲ್ಲ ಅನ್ನಿ. ಆಫೀಸಿಗೆ ಫೋನು ಮಾಡಿದಳು.

“ಏನೂ ಮುಟ್ಟಬೇಡ!” ಎಂದ ಗಂಡ. “ಸಂಜೆ ನಾನೇ ಬಂದು ನೋಡ್ತೀನಿ.”

“ಸಂಜೆ ಬಂದು ನೋಡ್ತೀರಾ, ನನ್ನ ತಲೆ! ಮಧ್ಯಾಹ್ನಕ್ಕೆ ಕಳಿಸಬೇಕು ಕಣ್ರೀ. ಪಾಸ್‌ವರ್ಡ್ ಹೇಳಿ.”

“ಪಾಸ್‌ವರ್ಡ್ ಎಲ್ಲಾ ಯಾಕೆ? ಸಂಜೆವರೆಗೆ ತಡಿ.”

ಕಿವಿ ಇತ್ತಲೇ ಇಟ್ಟುಕೊಂಡಿದ್ದ ರಿಪೇರಿಯವನು ಮೆಲ್ಲಗೆ, “ಪಾಸ್‌ವರ್ಡ್ ಇಲ್ಲದೆಯೂ ಬಲವಂತವಾಗಿ ಬಿಡಿಸಬಹುದು. ಆದರೆ ಅವರು ತೆರೆದಿಟ್ಟಿದ್ದು, ಸೇವ್ ಮಾಡದೇ ಇದ್ದದ್ದು ಎಲ್ಲಾ ಹೋಗುತ್ತೆ,” ಎಂದ.

ಅಯ್ಯೋ, ಅವರ ವರದಿ! ವಾರದಿಂದ ಊಟಕ್ಕೆ ಕರೆದರೂ ಏಳದೆ, ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರಲ್ಲ, ಬಡ್ತಿಗೆ ಬೇಕಾದ ವರದಿ. ಅವಳಿಗೆ ಪಾಪ ಅನ್ನಿಸಿತು.

“ರೀ, ಬಲವಂತವಾಗಿ ಬಿಡಿಸಿದ್ರೆ ನಿಮ್ಮ ವರದಿ ಹೋಗುತ್ತಂತೆ. ಪಾಸ್‌ವರ್ಡ್ ಹೇಳಿಬಿಡಿ, ಏನೂ ಹೋಗಲ್ಲ.”

“ಹೋಗಲಿ. ಅಳಿಸಿಬಿಡು.”

“ಒಂದು ವಾರದ ಕೆಲಸ ಕಣ್ರೀ!”

“ಅಳಿಸು ಅಂದೆನಲ್ಲ.”

ಬೆಳಿಗ್ಗೆಯಿಂದ ಇದ್ದ ಗಾಬರಿ ಇಳಿದು, ಅವಳಿಗೆ ಬೇರೆಯೇ ಭಯ ಹಿಡಿಯಿತು: ವರದಿ ಹೋದರೂ ಸರಿ, ತಾನು ನೋಡಬಾರದಂಥದ್ದು ಅದರಲ್ಲಿ ಏನಿತ್ತು? ಫೋನನ್ನು ಮೇಜಿನ ಮೇಲಿಟ್ಟು ರಿಪೇರಿಯವನಿಗೆ ತಲೆಯಾಡಿಸಿದಳು. ಅವನು ಒಂದು ಸಾಲು ಟೈಪು ಮಾಡಿದ. ಪುಸ್ತಕದ ಅಧ್ಯಾಯಗಳು ಒಂದೂ ಬಿಡದೆ ಪರದೆಯ ಮೇಲೆ ಬಂದು ಕೂತವು.

“ಏನೂ ಕಳೆದಿಲ್ಲ ತಾನೇ, ನೋಡ್ಕೊಳ್ಳಿ ಮೇಡಂ.”

“ನಂದು ಕಳೆದಿಲ್ಲ,” ಎಂದಳು. ಫೋನು ಇನ್ನೂ ಕಟ್ಟಾಗಿರಲಿಲ್ಲ.