ಮತ್ತೊಂದು ನಾಯಿ ಪುಸ್ತಕ

ಗಂಡ ಚೀಲದಿಂದ ಮತ್ತೊಂದು ನಾಯಿ ಪುಸ್ತಕ ತೆಗೆದಾಗ ಹೆಂಡತಿ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು. ಮನೆಯ ಮುದಿನಾಯಿ ಕಾಣೆಯಾದ ಮೇಲೆ ಇದು ನಾಲ್ಕನೆಯದು. ದಪ್ಪ ರಟ್ಟಿನ ಹಾಳೆಗಳು, ಹಾಳೆಗೊಂದು ಚಿತ್ರ. ಮಗಳಿಗೆ ಎರಡೂವರೆ ವರ್ಷವಾಗುವವರೆಗೂ ಒಂದು ಗಿಲಕಿ ತಂದುಕೊಟ್ಟವನಲ್ಲ ಈ ಮಹಾನುಭಾವ.

"ಏನ್ರೀ ಇದು, ದಿನಾ ಒಂದು?"

"ಪಾಪ, ಬೌಬೌ ಎಲ್ಲಿ ಅಂತ ಕೇಳ್ತಾ ಇರುತ್ತಲ್ಲ ಮಗು, ಅದಕ್ಕೆ."

ಒಳಕೋಣೆಯಲ್ಲಿ ತಂಗಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ನರ್ಸಿಂಗ್ ಓದಲೆಂದು ಅಕ್ಕನ ಮನೆಗೆ ಬಂದಿದ್ದವಳು ಈಗ ಹಾಸ್ಟೆಲಿಗೆ ಹೊರಟಿದ್ದಳು. ನಾಯಿ ಕಾಣೆಯಾದ ದಿನ ಹೆಂಡತಿ ಗಿರಾಕಿಗೆ ರವಿಕೆ ಕೊಟ್ಟು ಬರುವಷ್ಟರಲ್ಲಿ ಗಂಡ ಮಗುವನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದ. ಗೇಟು ಹಾರು ಹೊಡೆದಿತ್ತು, ನಾಯಿ ಹೊರಟುಹೋಗಿದೆ ಎಂದಿದ್ದ. ಅವತ್ತು ಎಲ್ಲರಿಗಿಂತ ಕೊನೆಯಲ್ಲಿ ಗೇಟು ದಾಟಿ ಕಾಲೇಜಿಗೆ ಹೋದವಳು ತಂಗಿ. "ಚಿಲಕ ಹಾಕಿದ್ದೆ ಅಕ್ಕ, ನನಗೆ ಚೆನ್ನಾಗಿ ನೆನಪಿದೆ," ಎಂದು ಅವಳು ಎಷ್ಟು ಹೇಳಿದರೂ, "ಹಾಗಾದ್ರೆ ನಾಯಿಗೇನು ರೆಕ್ಕೆ ಬಂತಾ?" ಎಂದು ಅಕ್ಕ ಬಾಯಿಗೆ ಬಂದಂತೆ ಬೈದಿದ್ದಳು. ಆ ಮಾತು ಈಗ ಅಕ್ಕನನ್ನೇ ಚುಚ್ಚುತ್ತಿತ್ತು.

"ಚಿಕ್ಕ ಹುಡುಗಿ, ಮರೆತಿರ್ತಾಳೆ. ಕ್ಷಮಿಸಿಬಿಡು," ಎಂದ ಗಂಡ, ತಂಗಿಗೂ ಕೇಳಿಸುವಂತೆ.

ನಾಯಿ ಸೋಫಾ ಒದ್ದೆ ಮಾಡಿದಾಗಲೆಲ್ಲ ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದವನಿಗೆ ಇಷ್ಟು ದೊಡ್ಡ ಮನಸ್ಸು ಯಾವಾಗ ಬಂತು? ಅವಳು ಗಂಡನ ಮುಖವನ್ನೇ ನೋಡಿದಳು. ಅವನು ಅಂಗಿಯ ಗುಂಡಿ ನೋಡಿಕೊಂಡ.

ಮಗು ನೆಲದ ಮೇಲೆ ಕುಳಿತು ಪುಸ್ತಕ ಬಿಡಿಸಿತು. ನಾಯಿ ಸ್ನಾನ ಮಾಡುವ ಪುಟ ಬೇಡವಾಯಿತು, ಚೆಂಡು ಹಿಡಿಯುವ ಪುಟವೂ ಬೇಡವಾಯಿತು. ನಾಯಿ ಕಾರಿನ ಕಿಟಕಿಯಿಂದ ಇಣುಕುವ ಪುಟ ಬಂದಾಗ ಅದರ ಮೇಲೆ ಬೆರಳೂರಿತು.

"ಬೌಬೌ ಕಾರಲ್ಲಿ. ಪಾಪುನೂ ಕಾರಲ್ಲಿ."

"ಆಮೇಲೆ ಚಿನ್ನ?" ಎಂದಳು ತಾಯಿ.

"ಅಪ್ಪ ಬಿಸ್ಕತ್ ಎಸೀತು. ಬೌಬೌ ಇಳೀತು. ಕಾರು ಬುರ್ರ್ ಅಂತ ಹೋಯ್ತು."

ತಾಯಿ ಬಗ್ಗಿ ನೋಡಿದಳು. ಪುಟದಲ್ಲಿ ಒಂದು ನಾಯಿ, ಒಂದು ಕಾರು, ಅಷ್ಟೇ. ಬಿಸ್ಕತ್ತೂ ಇರಲಿಲ್ಲ, ಅಪ್ಪನೂ ಇರಲಿಲ್ಲ.

ಗಂಡ ನಕ್ಕ. "ಮಕ್ಕಳು ಏನೇನೋ ಸೇರಿಸ್ಕೊಂಡು ಹೇಳ್ತವೆ. ಕೊಡು ಪುಟ್ಟಿ, ಬೇರೆ ಪುಸ್ತಕ ಓದೋಣ," ಎಂದು ಕೈಚಾಚಿದ.

ಅಷ್ಟರಲ್ಲಿ ಮಡಚಿದ ಬಟ್ಟೆ ಹಿಡಿದುಕೊಂಡೇ ತಂಗಿ ಬಾಗಿಲಿಗೆ ಬಂದಿದ್ದಳು. "ಆಮೇಲೆ ಏನಾಯ್ತು ಪುಟ್ಟಿ?" ಎಂದು ಮೆಲ್ಲಗೆ ಕೇಳಿದಳು.

ಮಗು ಪುಸ್ತಕವನ್ನು ಎದೆಗೆ ಅವುಚಿಕೊಂಡಿತು. ತುಟಿಯ ಮೇಲೆ ಬೆರಳಿಟ್ಟು, ಥೇಟ್ ಅಪ್ಪನ ಧಾಟಿಯಲ್ಲೇ ಹೇಳಿತು:

"ಶ್... ಅಮ್ಮಂಗೆ ಹೇಳ್ಬಾರ್ದು. ಪುಸ್ತಕ ತಂದ್ಕೊಡ್ತೀನಿ."